ಬಿಸಿಲು ನಾಡಿನಲ್ಲಿ ಕೊಂಬುಚಾ ಹಾಕುವ ಬಗೆ: ನೀರಿನಿಂದ ಬಾಟಲಿಯವರೆಗೆ

ಸಕ್ಕರೆ ಬೆರೆಸಿದ ಚಹಾದ ಡಿಕಾಕ್ಷನ್ನಿಗೆ ಹೆಪ್ಪು ಹಾಕಿ, ಕೆಲವು ದಿನ ಹುಳಿಯಲು ಬಿಟ್ಟು ತಯಾರಿಸುವ ಪಾನೀಯವೇ ಕೊಂಬುಚಾ. ಇದನ್ನು ಮಾಡುವ ಬಗೆಯನ್ನು ಹೇಳುವ ಬರಹಗಳೇನೋ ಸಾಕಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ತಂಪು ದೇಶಗಳ ಅಡುಗೆಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದಂಥವು. ‘ಏಳರಿಂದ ಹತ್ತು ದಿನ ಇಡಿ’ ಎಂಬ ಮಾತನ್ನು ನಂಬಿ ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಮನೆಯೊಂದರಲ್ಲಿ ಬರಣಿ ತುಂಬಿಟ್ಟವರಿಗೆ ಹತ್ತನೆಯ ದಿನ ಸಿಗುವುದು ಕುಡಿಯಲಾಗದಷ್ಟು ಹುಳಿಯಾದ ನೀರು. ಅದೇ ಮಾತನ್ನು ನಂಬಿ ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಬೆಳಗಾವಿಯಲ್ಲಿ ಬರಣಿ ಇಟ್ಟವರಿಗೆ ಹತ್ತನೆಯ ದಿನವೂ ಸಿಹಿ ಚಹಾವೇ ಉಳಿದಿರುತ್ತದೆ, ಕೆಲವೊಮ್ಮೆ ಅದರ ಮೇಲೆ ಬೂಸ್ಟೂ ಬಂದಿರುತ್ತದೆ. ಆದ್ದರಿಂದ ಈ ಲೇಖನ ಒಂದೇ ಮಾತಿಗೆ ಒತ್ತು ಕೊಡುತ್ತದೆ: ದಿನಗಳನ್ನು ಎಣಿಸುವ ಬದಲು ಶಾಖವನ್ನೂ ಹುಳಿಯನ್ನೂ ಅಳೆಯಬೇಕು. ವಿಜಯಪುರದ ನಮ್ಮ ಮನೆಯಲ್ಲಿ, ಬಾಗಲಕೋಟೆ ನವನಗರದ ಅಕ್ಕನ ಮನೆಯಲ್ಲಿ ಮತ್ತು ಬೆಳಗಾವಿ ತಿಳಕವಾಡಿಯ ಗೆಳೆಯರೊಬ್ಬರ ಮನೆಯಲ್ಲಿ ಬೇರೆ ಬೇರೆ ಹವೆಯಲ್ಲಿ ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಮೊದಲೇ ಸ್ಪಷ್ಟಪಡಿಸಬೇಕಾದ ಒಂದು ವಿಷಯವಿದೆ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಯಲ್ಲಿ ಬಿಯರ್ ಅಥವಾ ವೈನ್ ಮಾಡುವುದಕ್ಕೂ ಇದು ಅನ್ವಯಿಸುತ್ತದೆ. ಕೊಂಬುಚಾದಲ್ಲಿ ಆಲ್ಕೋಹಾಲ್ ಹುಟ್ಟುತ್ತದೆಯಾದರೂ ಅದರ ಬಹುಪಾಲು ಅಲ್ಲಿಯೇ ಹುಳಿಯಾಗಿ ಮಾರ್ಪಡುತ್ತದೆ. ಸರಿಯಾಗಿ ಮಾಡಿದ, ಹಣ್ಣು ಬೆರೆಸದ ಕೊಂಬುಚಾದಲ್ಲಿ ಉಳಿಯುವ ಪ್ರಮಾಣ ಸಾಮಾನ್ಯವಾಗಿ ಶೇಕಡಾ 0.5ರ ಆಸುಪಾಸಿನಲ್ಲಿರುತ್ತದೆ. ಹಣ್ಣಿನ ರಸ ಸೇರಿಸಿ, ಬಿಗಿಯಾಗಿ ಮುಚ್ಚಿ, ಹೊರಗಡೆ ಹೆಚ್ಚು ದಿನ ಬಿಟ್ಟರೆ ಅದು ಇನ್ನೂ ಏರುತ್ತದೆ. ಮದ್ಯವನ್ನು ಸಂಪೂರ್ಣ ವರ್ಜಿಸಿರುವ ಮನೆಗಳು ನಮ್ಮ ಭಾಗದಲ್ಲಿ ಬಹಳ; ಅಂಥವರಿಗೆ ಕುಡಿಯಲು ಕೊಡುವ ಮೊದಲು ಈ ಸಂಗತಿಯನ್ನು ಹೇಳುವುದು ಕೊಡುವವರ ಹೊಣೆ.

ಬರಣಿಯೊಳಗೆ ನಡೆಯುವುದೇನು

ಕೆಲಸಕ್ಕೆ ಕೈಹಚ್ಚುವ ಮುನ್ನ ಒಳಗಿನ ಕ್ರಿಯೆಯನ್ನು ಅರಿತಿದ್ದರೆ ಮುಂದಿನ ಹಂತಗಳಿಗೆಲ್ಲ ಕಾರಣ ತಾನಾಗಿ ತಿಳಿಯುತ್ತದೆ. ಕೊಂಬುಚಾದ ಹೆಪ್ಪಿನಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಎರಡೂ ಒಟ್ಟಿಗೆ ಬಾಳುತ್ತವೆ. ಯೀಸ್ಟ್ ಮೊದಲು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಅದನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಬದಲಿಸುತ್ತದೆ. ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿ, ಗ್ಲೂಕೋಸಿನ ಒಂದಂಶವನ್ನು ಗ್ಲುಕೋನಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮೇಲೆ ತೇಲುವ ದಪ್ಪನೆಯ, ಜಾರುವ ಬಿಳಿ ಪೊರೆ ಇದೇ ಬ್ಯಾಕ್ಟೀರಿಯಾಗಳು ನೇಯ್ದ ಸೆಲ್ಯುಲೋಸ್. ಇದಕ್ಕೆ ಎಲ್ಲರೂ ಸ್ಕೋಬಿ ಎನ್ನುತ್ತಾರೆ.

ಆ ಪೊರೆಯೇ ಸರ್ವಸ್ವ ಎಂದು ತಿಳಿಯಬಾರದು. ಮೊಸರು ಮಾಡುವಾಗ ಕೆನೆಗಿಂತ ಹೆಪ್ಪು ಮುಖ್ಯವಾದಂತೆ ಇಲ್ಲಿಯೂ ಹಿಂದಿನ ಸಲದ ಹುಳಿ ನೀರೇ ಮುಖ್ಯ. ಪೊರೆ ಇಲ್ಲದಿದ್ದರೂ ಹುಳಿ ನೀರೊಂದಿದ್ದರೆ ಹೊಸ ಪೊರೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೊದಲ ಬಾರಿಗೆ ಮಾಡುವವರು ಪರಿಚಯದವರಿಂದ ಸ್ಕೋಬಿಯ ತುಂಡೊಂದನ್ನಷ್ಟೇ ಕೇಳದೆ, ಅದರ ಜೊತೆಗೆ ಕನಿಷ್ಠ ಎರಡು ಲೋಟದಷ್ಟು ಹುಳಿ ನೀರನ್ನೂ ಕೇಳಿ ತರಬೇಕು.

ನೀರು, ಚಹಾ, ಸಕ್ಕರೆ

ಮೂರು ಲೀಟರ್ ನೀರಿಗೆ ಬೇಕಾದ ಅಳತೆ ಇದು: ಸಿಟಿಸಿ ಚಹಾಪುಡಿಯಾದರೆ (ಸಣ್ಣ ಹರಳಿನಂಥ ಸಾಮಾನ್ಯ ಪುಡಿ) 15 ಗ್ರಾಂ, ಎಲೆ ಚಹಾ ಆದರೆ 20ರಿಂದ 24 ಗ್ರಾಂ, ಬಿಳಿ ಸಕ್ಕರೆ 220 ಗ್ರಾಂ, ಹೆಪ್ಪಿನ ಹುಳಿ ನೀರು 350 ಮಿಲಿಲೀಟರ್, ಮತ್ತು ಒಂದು ಸ್ಕೋಬಿ. ಇದಕ್ಕೆ ಐದು ಲೀಟರಿನ ಅಗಲ ಬಾಯಿಯ ಗಾಜಿನ ಬರಣಿ ಬೇಕು. ಬಾಯಿ ಅಗಲವಾಗಿದ್ದಷ್ಟೂ ಗಾಳಿ ಹೆಚ್ಚು ತಾಗುತ್ತದೆ, ಹುಳಿ ಚೆನ್ನಾಗಿ ಬರುತ್ತದೆ. ಹಿತ್ತಾಳೆ, ತಾಮ್ರ ಮತ್ತು ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿ ತಿನ್ನುತ್ತದೆ. ಉಪ್ಪಿನಕಾಯಿಯ ಹಳೆಯ ಪಿಂಗಾಣಿ ಬರಣಿಯ ಮೆರುಗಿನಲ್ಲಿ ಸೀಸ ಇರಬಹುದಾದ್ದರಿಂದ ಅದೂ ಬೇಡ. ಚಹಾ ಕುದಿಸಲು ಸ್ಟೀಲ್ ಪಾತೇಲಿ ಸಾಕು.

ನೀರಿನ ವಿಷಯದಲ್ಲಿ ನಮ್ಮ ಮೂರು ಊರುಗಳ ಅನುಭವ ಬೇರೆ ಬೇರೆಯೇ. ಬೆಳಗಾವಿಯಲ್ಲಿ ರಕ್ಕಸಕೊಪ್ಪ ಜಲಾಶಯದಿಂದ ಬರುವ ನಳದ ನೀರು ಮೆದುವಾಗಿರುತ್ತದೆ. ಅದರಲ್ಲಿರುವ ಕ್ಲೋರಿನ್ ಹೋಗುವಂತೆ ಹತ್ತು ನಿಮಿಷ ಮುಚ್ಚಳ ತೆಗೆದು ಕುದಿಸಿದರೆ ಸಾಕಾಗುತ್ತದೆ. ವಿಜಯಪುರ ಮತ್ತು ಬಾಗಲಕೋಟೆಯ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬಳಸುವವರ ಸಮಸ್ಯೆ ಬೇರೆ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಹುಟ್ಟುವ ಹುಳಿಯನ್ನೆಲ್ಲ ನುಂಗಿಹಾಕುತ್ತದೆ. ಹೀಗಾಗಿ ಮೊದಲ ಎರಡು ದಿನ ಹುಳಿ ಏರದೆ ನಿಲ್ಲುತ್ತದೆ, ಬೂಸ್ಟು ಬರುವುದು ಆ ಎರಡು ದಿನಗಳಲ್ಲಿಯೇ. ನೀರನ್ನು ಹಿಂದಿನ ರಾತ್ರಿ ಚೆನ್ನಾಗಿ ಕುದಿಸಿ, ಅಲುಗಿಸದೆ ಇಟ್ಟು, ಬೆಳಿಗ್ಗೆ ತಳದಲ್ಲಿ ಕೂತ ಬಿಳಿ ಸುಣ್ಣದ ಪದರ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆರ್‌ಒ ನೀರು ಇದ್ದವರು ಅದನ್ನೇ ಬಳಸಬಹುದು.

ಚಹಾ ಸಾದಾ ಕಪ್ಪು ಚಹಾ ಆಗಿರಬೇಕು. ಏಲಕ್ಕಿ, ಮಸಾಲೆ ಅಥವಾ ಸುಗಂಧದ ಎಣ್ಣೆ ಬೆರೆತ ಚಹಾಪುಡಿ ಬೇಡ, ಏಕೆಂದರೆ ಆ ಎಣ್ಣೆಗಳು ಹೆಪ್ಪನ್ನು ದುರ್ಬಲಗೊಳಿಸುತ್ತವೆ. ಏಲಕ್ಕಿಯ ಪರಿಮಳ ಬೇಕೆನ್ನುವವರು ಕೊನೆಯಲ್ಲಿ, ಬಾಟಲಿಗೆ ತುಂಬುವಾಗ ಹಾಕಿಕೊಳ್ಳಬಹುದು.

ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಮಹಾಲಿಂಗಪುರದಂಥ ಬೆಲ್ಲದ ಪೇಟೆ ಮಗ್ಗುಲಲ್ಲೇ ಇರುವಾಗ ಅದು ಸಹಜವಾದ ಪ್ರಶ್ನೆ. ಹಾಕಬಹುದು, ರುಚಿಯೂ ಗಾಢವಾಗಿರುತ್ತದೆ. ಆದರೆ ಎರಡು ಎಚ್ಚರಿಕೆಗಳಿವೆ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಗಾಣದಲ್ಲಿ ಹೈಡ್ರೋಸ್ ಎಂಬ, ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುವ ರೂಢಿಯಿದೆ. ಅದರಿಂದ ಉಳಿಯುವ ಸಲ್ಫೈಟ್ ಯೀಸ್ಟನ್ನು ತಡೆಯುತ್ತದೆ. ಆದ್ದರಿಂದ ರಾಸಾಯನಿಕ ಹಾಕದ, ಕಂದು ಬಣ್ಣದ ಬೆಲ್ಲವನ್ನೇ ಆರಿಸಬೇಕು. ಎರಡನೆಯದಾಗಿ, ಬೆಲ್ಲಕ್ಕೆ ಹೊಂದಿಕೊಂಡ ಹೆಪ್ಪಿನ ಗುಣ ಕೆಲವು ಸರದಿಗಳಲ್ಲಿ ಬದಲಾಗುತ್ತದೆ, ಆಮೇಲೆ ಅದನ್ನು ಸಕ್ಕರೆಗೆ ಮರಳಿಸುವುದು ಕಷ್ಟ. ಹೀಗಾಗಿ ಮೂಲ ಹೆಪ್ಪನ್ನು ಸಕ್ಕರೆಯಲ್ಲಿಯೇ ಉಳಿಸಿಕೊಂಡು, ಬೆಲ್ಲದ ಬರಣಿಯನ್ನು ಪ್ರತ್ಯೇಕವಾಗಿ ನಡೆಸುವುದು ಲೇಸು.

ಹಾಕುವ ದಿನದ ಕೆಲಸ

ಬರಣಿ, ಸೌಟು ಮತ್ತು ಸೋಸಣಿಗಳನ್ನು ಬಿಸಿನೀರಿನಿಂದ ತೊಳೆದು, ಸೋಪಿನ ಅಂಶ ಒಂದಿಷ್ಟೂ ಉಳಿಯದಂತೆ ಜಾಲಾಡಿಸಿ, ಬೋರಲು ಹಾಕಿ ಒಣಗಿಸಬೇಕು. ಅದೇ ಹೊತ್ತಿನಲ್ಲಿ ಉಪ್ಪಿನಕಾಯಿ ಕಲಸುವುದು, ದೋಸೆ ಹಿಟ್ಟು ತೆಗೆಯುವುದು ಮುಂತಾದ ಕೆಲಸಗಳನ್ನು ಇಟ್ಟುಕೊಳ್ಳಬಾರದು.

ಮೂರು ಲೀಟರ್ ನೀರನ್ನೂ ಚಹಾ ಸಮೇತ ಕುದಿಸಿ ಆರಿಸುತ್ತ ಕೂತರೆ ಬೇಸಿಗೆಯಲ್ಲಿ ಅರ್ಧ ದಿನ ಹೋಗುತ್ತದೆ. ಅದರ ಬದಲು ಹಿಂದಿನ ರಾತ್ರಿ ಕುದಿಸಿ ಬಸಿದ ನೀರಿನಲ್ಲಿ ಎರಡು ಲೀಟರನ್ನು ಫ್ರಿಜ್ಜಿನಲ್ಲಿಟ್ಟು, ಉಳಿದ ಒಂದು ಲೀಟರನ್ನು ಮಾತ್ರ ಕುದಿಸಿ, ಒಲೆ ಆರಿಸಿ, ಚಹಾಪುಡಿ ಹಾಕಿ ಮುಚ್ಚಬೇಕು. ಸಿಟಿಸಿ ಪುಡಿಗೆ ಆರು ನಿಮಿಷ, ಎಲೆ ಚಹಾಕ್ಕೆ ಹತ್ತು ನಿಮಿಷ ಸಾಕು. ಪುಡಿ ಹಾಕಿದ ಮೇಲೆ ಕುದಿಸಿದರೆ ಒಗರು ಹೆಚ್ಚಾಗುತ್ತದೆ. ಸೋಸಿ, ಬಿಸಿಯಿರುವಾಗಲೇ ಸಕ್ಕರೆ ಕರಗಿಸಿ, ಅದಕ್ಕೆ ಫ್ರಿಜ್ಜಿನ ತಣ್ಣೀರು ಬೆರೆಸಿದರೆ ಒಟ್ಟು ಮಿಶ್ರಣ 34 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇನ್ನು ಸ್ವಲ್ಪ ಹೊತ್ತು ತಣ್ಣೀರಿನ ಬೋಗುಣಿಯಲ್ಲಿ ಪಾತೇಲಿ ಇಟ್ಟು 30 ಡಿಗ್ರಿಗಿಂತ ಕೆಳಗೆ ತರಬೇಕು. ಕೈಬೆರಳು ಅದ್ದಿ ಅಂದಾಜು ಮಾಡುವುದು ನೆಚ್ಚಿಕೆಯದಲ್ಲ. 40 ಡಿಗ್ರಿಯ ಬೇಸಿಗೆಯಲ್ಲಿ 38 ಡಿಗ್ರಿಯ ಚಹಾ ಕೈಗೆ ತಂಪಾಗಿಯೇ ತೋರುತ್ತದೆ. ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಳ್ಳುವುದೇ ಸರಿ.

ಈಗ ಹುಳಿ ನೀರನ್ನು ಬೆರೆಸಿ, ಚೆನ್ನಾಗಿ ಕಲಕಿ, ಪಿಎಚ್ ನೋಡಬೇಕು. ಪಿಎಚ್ ಎಂದರೆ ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಇದು ಇಡೀ ದಿನದ ಅತ್ಯಂತ ಮುಖ್ಯವಾದ ಕ್ಷಣ. ಪಿಎಚ್ 4.6ಕ್ಕಿಂತ ಮೇಲಿದ್ದರೆ ಅಪಾಯಕಾರಿ ಸೂಕ್ಷ್ಮಜೀವಿಗಳಿಗೂ ಬೂಸ್ಟಿಗೂ ಅವಕಾಶ ಸಿಗುತ್ತದೆ. ಆದ್ದರಿಂದ ಆರಂಭದಲ್ಲಿಯೇ ಅದು 4.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಇನ್ನಷ್ಟು ಹುಳಿ ನೀರು ಸೇರಿಸಬೇಕು. ಒಂದರಿಂದ ಹದಿನಾಲ್ಕರವರೆಗಿನ ಸಾಮಾನ್ಯ ಪಿಎಚ್ ಪಟ್ಟಿಗಳಲ್ಲಿ 4.2ಕ್ಕೂ 4.8ಕ್ಕೂ ಇರುವ ವ್ಯತ್ಯಾಸ ಕಾಣುವುದಿಲ್ಲ. ಆಮ್ಲದ ಕಡೆಯ ಕಿರಿದಾದ ಅಳತೆಯ ಪಟ್ಟಿಗಳನ್ನೇ ಕೇಳಿ ಕೊಳ್ಳಬೇಕು. ಡಿಜಿಟಲ್ ಮೀಟರ್ ಇದ್ದವರು ಅದನ್ನು 4.01ರ ಬಫರ್ ದ್ರಾವಣದಲ್ಲಿ ಆಗಾಗ ಸರಿಪಡಿಸಿಕೊಳ್ಳಬೇಕು.

ಬಳಿಕ ಸ್ಕೋಬಿಯನ್ನು ಶುದ್ಧ ಕೈಯಿಂದ ನಿಧಾನವಾಗಿ ಬಿಡಬೇಕು. ಅದು ತೇಲಲಿ, ಮುಳುಗಲಿ, ಅಡ್ಡ ನಿಲ್ಲಲಿ, ಚಿಂತೆಯಿಲ್ಲ. ಹೊಸ ಪೊರೆ ಮೇಲೆಯೇ ಕಟ್ಟುತ್ತದೆ. ಬರಣಿಯ ಬಾಯಿಗೆ ಒತ್ತು ನೇಯ್ಗೆಯ ಹಳೆಯ ಪಂಚೆಯ ಬಟ್ಟೆಯನ್ನು ಮಡಚಿ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿಯಬೇಕು. ಜಾಳು ಬಟ್ಟೆ ಕಟ್ಟಿದರೆ ಮಾವಿನ ಹಂಗಾಮಿನಲ್ಲಿ ಹಣ್ಣಿನ ಬುಟ್ಟಿಯ ಸುತ್ತ ಹಾರಾಡುವ ಸಣ್ಣ ನೊಣಗಳು ಒಳನುಗ್ಗಿ ಮೊಟ್ಟೆ ಇಡುತ್ತವೆ. ಹಾಗಾದರೆ ಆ ಬರಣಿ ಪೂರ್ತಿ ಚೆಲ್ಲಬೇಕು.

ಶಾಖವನ್ನು ಹಿಡಿತದಲ್ಲಿಡುವುದು

ಕೊಂಬುಚಾಕ್ಕೆ ಒಗ್ಗುವ ಶಾಖ 24ರಿಂದ 29 ಡಿಗ್ರಿ. ಅದಕ್ಕಿಂತ ಬಹಳ ಮೇಲೇರಿದರೆ ಯೀಸ್ಟ್ ಬ್ಯಾಕ್ಟೀರಿಯಾಗಳನ್ನು ಮೀರಿ ಬೆಳೆಯುತ್ತದೆ. ಆಗ ತಳದಲ್ಲಿ ಕಂದು ಬಣ್ಣದ ನಾರುನಾರಾದ ಗಸಿ ದಟ್ಟವಾಗಿ ಕೂರುತ್ತದೆ, ಪಾನೀಯಕ್ಕೆ ಹಿಟ್ಟು ಹುಳಿತಂಥ ವಾಸನೆ ಬರುತ್ತದೆ, ಮೇಲಿನ ಪೊರೆ ತೆಳ್ಳಗೆ ಉಳಿಯುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಆರ್‌ಸಿಸಿ ಛತ್ತಿನ ಮನೆಗಳ ಒಳಗೂ ಇದು ಸುಲಭವಾಗಿ ಸಂಭವಿಸುತ್ತದೆ.

ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಒಂದು ಅನುಕೂಲವಿದೆ: ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂದು ದೊಡ್ಡ ಪರಾತದಲ್ಲಿ ನಾಲ್ಕು ಬೆರಳು ನೀರು ನಿಲ್ಲಿಸಿ, ಮಧ್ಯದಲ್ಲಿ ಬರಣಿ ಇಟ್ಟು, ಬರಣಿಯ ಮೈಗೆ ಸುತ್ತಿದ ಬಟ್ಟೆಯ ತುದಿ ಆ ನೀರಿನಲ್ಲಿ ಅದ್ದಿರುವಂತೆ ಮಾಡಿದರೆ ಒಳಗಿನ ಶಾಖ ಹೊರಗಿಗಿಂತ ಹಲವು ಡಿಗ್ರಿ ಇಳಿಯುತ್ತದೆ. ಸುತ್ತಿದ ಬಟ್ಟೆ ಬರಣಿಯ ಬಾಯಿಯ ಬಟ್ಟೆಯನ್ನು ಮುಟ್ಟಬಾರದು. ಬಾಯಿಯ ಬಟ್ಟೆ ಒದ್ದೆಯಾದರೆ ಬೂಸ್ಟು ಅಲ್ಲಿಂದಲೇ ಶುರುವಾಗುತ್ತದೆ. ಮಣ್ಣಿನ ಮಾಳಿಗೆ ಮನೆ ಇದ್ದವರ ಪುಣ್ಯ ದೊಡ್ಡದು. ನವನಗರದ ಅಕ್ಕ ಬೇಸಿಗೆ ಬಂತೆಂದರೆ ತಮ್ಮ ಬರಣಿಯನ್ನು ಹಳ್ಳಿಯ ತವರುಮನೆಯ ಪಡಸಾಲೆಗೆ ಸಾಗಿಸುತ್ತಾರೆ. ದಪ್ಪ ಗೋಡೆಯ ಆ ಮನೆಯಲ್ಲಿ ಮಧ್ಯಾಹ್ನಕ್ಕೂ ರಾತ್ರಿಗೂ ಶಾಖದ ಅಂತರ ಕಡಿಮೆ. ಅವರ ಸ್ಕೋಬಿ ಬೆರಳು ದಪ್ಪ, ನುಣುಪಾಗಿ, ಒಂದೇ ಸಮನಾಗಿ ಕಟ್ಟುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಬೆಳಗಾವಿಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಮಳೆಗಾಲದಲ್ಲಿ ಅಲ್ಲಿ ಗಾಳಿಯೇ ತೇವ, ಶಾಖವೂ ಕಡಿಮೆ. ತಿಳಕವಾಡಿಯ ಗೆಳೆಯರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಳಿ ನೀರಿನ ಪ್ರಮಾಣವನ್ನು 500 ಮಿಲಿಲೀಟರಿಗೆ ಏರಿಸುತ್ತಾರೆ. ಬರಣಿಯನ್ನು ಗೋಡೆಯ ಮೂಲೆಯಲ್ಲಿಡದೆ, ಗಾಳಿಯಾಡುವ ಎತ್ತರದ ಶೆಲ್ಫಿನ ಮೇಲಿಡುತ್ತಾರೆ. ಆರಂಭದಲ್ಲಿಯೇ ಹುಳಿ ಹೆಚ್ಚಿದ್ದರೆ ಬೂಸ್ಟಿಗೆ ನೆಲೆಯಿಲ್ಲ. ಈ ಉಪಾಯವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಆಯಿತೆಂದು ತಿಳಿಯುವುದು ಹೇಗೆ

ಬೇಸಿಗೆಯಲ್ಲಿ ಮೂರನೆಯ ದಿನದಿಂದ, ಚಳಿಗಾಲದಲ್ಲಿ ಆರನೆಯ ದಿನದಿಂದ ದಿನಕ್ಕೊಮ್ಮೆ ರುಚಿ ನೋಡಬೇಕು. ಪೊರೆಯ ಅಂಚಿನಿಂದ ಶುದ್ಧವಾದ ಸ್ಟ್ರಾ ಇಳಿಸಿ, ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ಒಂದು ಗುಟುಕು ಸಿಗುತ್ತದೆ. ಅದನ್ನು ಚಮಚಕ್ಕೆ ಬಿಟ್ಟುಕೊಂಡು ನೋಡಬೇಕು, ಸ್ಟ್ರಾಕ್ಕೆ ಬಾಯಿ ಹಚ್ಚಬಾರದು. ಮೊದಲಿಗೆ ಬರೀ ಸಿಹಿ, ಆಮೇಲೆ ಸಿಹಿಯ ಹಿಂದೆ ಬರುವ ಹುಳಿ, ಅನಂತರ ಎರಡೂ ಸಮನಾಗಿ ನಿಲ್ಲುವ ಹದ. ಆ ಹದದಲ್ಲಿ ಪಿಎಚ್ ಸಾಮಾನ್ಯವಾಗಿ 3.0ರಿಂದ 3.4ರೊಳಗೆ ಇರುತ್ತದೆ. 2.5ಕ್ಕಿಂತ ಕೆಳಗಿಳಿದಿದ್ದರೆ ಕುಡಿಯಬಾರದು, ಅದನ್ನು ಮುಂದಿನ ಸರದಿಗಳ ಹೆಪ್ಪಿಗೆ ಇಟ್ಟುಕೊಳ್ಳಬಹುದು. ಬೇಸಿಗೆಯಲ್ಲಿ ಈ ಹದ ಐದಾರು ದಿನಕ್ಕೇ ಬರಬಹುದು, ಡಿಸೆಂಬರ್‌ನ ಚಳಿಯಲ್ಲಿ ಎರಡು ವಾರ ಹಿಡಿಯಬಹುದು.

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಮೇಲಿನ ಪೊರೆಯ ರೂಪ. ಅಕ್ಕ ತಮ್ಮ ಮೈದುನನಿಗೆ ಹೇಳಿದ ಮಾತು ನೆನಪಿಡುವಂಥದು: “ತಮ್ಮಾ, ಬರಣಿ ಮ್ಯಾಲಿನ ಕಲಿ ನೋಡಿ ಹೆದರಬ್ಯಾಡೋ, ಅದು ಹಸಿ ಐತೋ ಒಣಾ ಐತೋ ಅಷ್ಟ ನೋಡು.” ಬಿಳಿ ಮಚ್ಚೆ, ಗುಳ್ಳೆ, ಕೆಳಗೆ ಜೋತುಬಿದ್ದ ಕಂದು ಎಳೆ, ಇವೆಲ್ಲ ಹಸಿಯಾಗಿ ಹೊಳೆಯುತ್ತಿದ್ದರೆ ಸಹಜ. ಒಣಗಿದ, ಹತ್ತಿಯಂತೆ ನವಿರಾದ, ದುಂಡಗೆ ಹರಡಿದ ಬಿಳಿ, ಹಸಿರು ಅಥವಾ ಕಪ್ಪು ಕಲೆ ಕಂಡರೆ ಅದು ಬೂಸ್ಟು. ಆಗ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಉಳಿದದ್ದನ್ನು ಕುಡಿಯುವ ಯೋಚನೆ ಮಾಡಲೇಬಾರದು. ಪೊರೆ ಮತ್ತು ನೀರು ಎರಡನ್ನೂ ಚೆಲ್ಲಿ, ಬರಣಿಯನ್ನು ಕುದಿನೀರಿನಲ್ಲಿ ತೊಳೆಯಬೇಕು. ಇದಕ್ಕಾಗಿಯೇ ಇನ್ನೊಂದು ಸಣ್ಣ ಬರಣಿಯಲ್ಲಿ ಒಂದು ಸ್ಕೋಬಿಯನ್ನೂ ಹುಳಿ ನೀರನ್ನೂ ಯಾವಾಗಲೂ ಬೇರೆಯಾಗಿ ಕಾದಿರಿಸಿಕೊಳ್ಳಬೇಕು.

ಹದ ಬಂದ ಮೇಲೆ ಮುಂದಿನ ಸರದಿಗೆ ಬೇಕಾದ ಹುಳಿ ನೀರನ್ನು ಮೊದಲು ಮೇಲ್ಭಾಗದಿಂದ ತೆಗೆದಿಡಬೇಕು. ಬ್ಯಾಕ್ಟೀರಿಯಾಗಳು ಮೇಲೆ ಹೆಚ್ಚು, ಯೀಸ್ಟ್ ತಳದಲ್ಲಿ ಹೆಚ್ಚು. ತಳದ ಗಸಿಯನ್ನೇ ಪ್ರತಿ ಸಲ ಹೆಪ್ಪು ಮಾಡಿಕೊಂಡರೆ ನಮ್ಮಂಥ ಬಿಸಿಯ ಊರುಗಳಲ್ಲಿ ಕೆಲವೇ ಸರದಿಗಳಲ್ಲಿ ಯೀಸ್ಟ್ ಮೇಲುಗೈ ಪಡೆಯುತ್ತದೆ.

ಬಾಟಲಿ ಮತ್ತು ನೊರೆ

ಹಾಗೆಯೇ ಕುಡಿಯುವವರು ಈಗ ಸೋಸಿ ಫ್ರಿಜ್ಜಿನಲ್ಲಿಡಬಹುದು. ಸೋಡಾದಂಥ ನೊರೆ ಬೇಕಾದವರು ಬಾಟಲಿಗೆ ತುಂಬಿ ಎರಡನೆಯ ಸುತ್ತು ಹುಳಿಸಬೇಕು. ಇಲ್ಲಿ ನಮ್ಮ ಜಿಲ್ಲೆಗಳ ಹಣ್ಣುಗಳಿಗೆ ಒಳ್ಳೆಯ ಅವಕಾಶವಿದೆ. ಬಾಗಲಕೋಟೆಯ ದಾಳಿಂಬೆಯ ರಸ 500 ಮಿಲಿಲೀಟರ್ ಬಾಟಲಿಗೆ 50 ಮಿಲಿಲೀಟರ್ ಹಾಕಿದರೆ ಬಣ್ಣ, ಒಗರು ಎರಡೂ ಸೊಗಸಾಗಿ ಕೂಡುತ್ತವೆ. ತಿಕೋಟಾ ಭಾಗದ ಒಣದ್ರಾಕ್ಷಿಯಾದರೆ ಬಾಟಲಿಗೆ ಐದಾರು ಸಾಕು. ಆದರೆ ಹೊಳೆಯುವ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಟ್ಟ ಒಣದ್ರಾಕ್ಷಿ ಬೇಡ, ಕಂದು ಬಣ್ಣದ್ದನ್ನು ಬಿಸಿನೀರಿನಲ್ಲಿ ತೊಳೆದು ಹಾಕಬೇಕು. ಇಂಡಿ ಊರಿನ ಲಿಂಬೆಯ ರಸ ರುಚಿಗೆ ಚೆನ್ನ, ನೊರೆಗೆ ಸಾಲದು, ಏಕೆಂದರೆ ಅದರಲ್ಲಿ ಸಕ್ಕರೆ ಕಡಿಮೆ. ಅರ್ಧ ಚಮಚ ಸಕ್ಕರೆ ಜೊತೆಗಿರಲಿ. ಹಸಿ ಶುಂಠಿ ತುರಿ ಇವೆಲ್ಲಕ್ಕಿಂತ ಬೇಗ ನೊರೆ ತರುತ್ತದೆ.

ಬಾಟಲಿಯ ಆಯ್ಕೆಯಲ್ಲಿ ಸಡಿಲಿಕೆ ಸಲ್ಲದು. ಒತ್ತಡ ತಾಳಲೆಂದೇ ತಯಾರಾದ, ದುಂಡನೆಯ, ದಪ್ಪ ಗಾಜಿನ ಸೋಡಾ ಬಾಟಲಿಗಳನ್ನು ಮಾತ್ರ ಬಳಸಬೇಕು. ನೋಡಲು ಚೆಂದವಿರುವ ಚೌಕಾಕಾರದ ಬಾಟಲಿಗಳು ಮೂಲೆಯಲ್ಲಿ ಸೀಳುತ್ತವೆ. ತಿಳಕವಾಡಿಯಲ್ಲಿ ಅಂಥದೊಂದು ರಾತ್ರಿಯ ಹೊತ್ತು ಒಡೆದು ಗಾಜಿನ ಚೂರು ಅಡುಗೆಮನೆಯ ಎದುರು ಗೋಡೆಯವರೆಗೆ ಸಿಡಿದಿತ್ತು. ಯಾರೂ ಎದ್ದು ನೀರು ಕುಡಿಯಲು ಬಂದಿರದಿದ್ದುದು ಅದೃಷ್ಟ. ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ, ಎಲ್ಲ ಬಾಟಲಿಗಳನ್ನೂ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಬೇಕು. ಜೊತೆಗೆ ಅದೇ ಪಾನೀಯವನ್ನು ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿಡಿ. ಅದನ್ನು ಅದುಮಿದಾಗ ಮೆತ್ತಗಿದ್ದರೆ ಇನ್ನೂ ಸಮಯವಿದೆ. ಕಲ್ಲಿನಂತೆ ಬಿಗಿಯಾಗಿದ್ದರೆ ಎಲ್ಲವನ್ನೂ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಬೇಸಿಗೆಯಲ್ಲಿ ಒಂದೇ ದಿನ ಸಾಕಾಗುತ್ತದೆ, ಚಳಿಯಲ್ಲಿ ಮೂರು ದಿನ ಬೇಕಾಗಬಹುದು. ಪೂರ್ತಿ ತಣ್ಣಗಾದ ಮೇಲೆ, ಮುಖದಿಂದ ದೂರ ಹಿಡಿದು ತೆರೆಯಬೇಕು.

ಯಾರಿಗೆ ಬೇಡ, ಎಷ್ಟು ಸಾಕು

ಕೊಂಬುಚಾ ಔಷಧವೆಂದು ಹೇಳುವ ಮಾತುಗಳನ್ನು ನಾನು ಒಪ್ಪುವುದಿಲ್ಲ. ಅದು ರುಚಿಯಾದ ಹುಳಿ ಪಾನೀಯ, ಅಷ್ಟೇ. 1995ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ದಿನವೂ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ಮಹಿಳೆಯರಲ್ಲಿ ರಕ್ತದ ಆಮ್ಲೀಯತೆ ವಿಪರೀತ ಏರಿ, ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣವೆಂದು ಸಾಬೀತಾಗದಿದ್ದರೂ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಆ ಪ್ರಕರಣವನ್ನು ಪ್ರಕಟಿಸಿ, ಆರೋಗ್ಯವಂತರಿಗೆ ದಿನಕ್ಕೆ ಸುಮಾರು 120 ಮಿಲಿಲೀಟರ್ ತೊಂದರೆ ಮಾಡಲಾರದು ಎಂದಿತು. ನಮ್ಮ ಮನೆಯಲ್ಲಿ ಈ ಅಳತೆಯನ್ನೇ ಪಾಲಿಸುತ್ತೇವೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಣ್ಣ ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು ಕುಡಿಯಬಾರದು. ಹದ ಬಂದ ಕೊಂಬುಚಾದಲ್ಲಿಯೂ ಸಕ್ಕರೆ ಗಣನೀಯವಾಗಿ ಉಳಿದಿರುವುದರಿಂದ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇನ್ನು ಬರೆದಿಡುವ ರೂಢಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿಯೇ ಆದರೂ ಹಾಕಿದ ದಿನ, ಆರಂಭದ ಪಿಎಚ್, ಪ್ರತಿದಿನ ಮಧ್ಯಾಹ್ನದ ಶಾಖ, ಹದ ಬಂದ ದಿನದ ಪಿಎಚ್, ಈ ನಾಲ್ಕನ್ನು ಗುರುತು ಹಾಕಿಕೊಳ್ಳಬೇಕು. ಒಂದು ವರ್ಷದ ಗುರುತುಗಳು ಕೈಯಲ್ಲಿದ್ದರೆ ನಿಮ್ಮ ಮನೆಯಲ್ಲಿ ಯಾವ ತಿಂಗಳಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬ ನಿಮ್ಮದೇ ಲೆಕ್ಕ ಸಿದ್ಧವಾಗುತ್ತದೆ. ಬೇರೆಯವರಿಗೆ ಹೆಪ್ಪು ಕೊಡುವಾಗ ಆ ಲೆಕ್ಕದ ಪ್ರತಿಯನ್ನೂ ಕೊಡಿ. ಹೆಪ್ಪನ್ನು ಬಸ್ಸಿನಲ್ಲಿ ಬೇರೆ ಊರಿಗೆ ಒಯ್ಯುವುದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲುಭಾಗ ಖಾಲಿ ಬಿಟ್ಟು ತುಂಬಿ, ದಾರಿಯಲ್ಲಿ ಒಂದೆರಡು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು ಮತ್ತು ಕಿಟಕಿಯ ಪಕ್ಕದ ಬಿಸಿಲಿಗೆ ಇಡದೆ, ಒದ್ದೆ ಬಟ್ಟೆ ಸುತ್ತಿ ಚೀಲದ ತಳದಲ್ಲಿ ಇಟ್ಟುಕೊಳ್ಳಬೇಕು.